ಯಾಮಾರಿದ್ದು ತೀರ್ಪುಗಾರ, ಅಂಕ ಯಂತ್ರಕ್ಕೆ

34957ಕ್ಕೆ 70764 ಕೂಡಿಸಿದರೆ 105721. ಗಣಿತಜ್ಞ ಆಲನ್ ಟ್ಯೂರಿಂಗ್ 1950ರಲ್ಲಿ ‘ಮೈಂಡ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಇದೇ ಲೆಕ್ಕ ಬರುತ್ತದೆ. ಅವರು ಅಲ್ಲಿ ಹೂಡಿದ್ದು ಒಂದು ಆಟ: ತೀರ್ಪುಗಾರ ಬರಹದಲ್ಲೇ ಪ್ರಶ್ನೆ ಕೇಳಿ, ಕಣ್ಣಿಗೆ ಕಾಣದ ಇಬ್ಬರಲ್ಲಿ ಮನುಷ್ಯ ಯಾರು, ಯಂತ್ರ ಯಾವುದು ಎಂದು ಹೇಳಬೇಕು. ಟ್ಯೂರಿಂಗ್ ಪರೀಕ್ಷೆ ಎನ್ನುವುದು ಇದನ್ನೇ. ಅಲ್ಲಿ ಉತ್ತರ ಕೊಡುವವರು ಸುಮಾರು 30 ಸೆಕೆಂಡು ತಡೆದು 105621 ಎನ್ನುತ್ತಾರೆ. ಸರಿಯಾಗಿ ನೂರು ಕಡಿಮೆ. ಯಂತ್ರ ಸಿಕ್ಕಿಬೀಳಬಾರದೆಂದರೆ ಲೆಕ್ಕದಲ್ಲಿ ಬೇಕೆಂದೇ ತಪ್ಪಬಹುದು ಎಂದು ಅದೇ ಲೇಖನದಲ್ಲಿ ಮುಂದೆ ಬಿಡಿಸಿಯೂ ಹೇಳಿದ್ದಾರೆ. ಈ ಆಟದಲ್ಲಿ ಗೆಲ್ಲಬೇಕಾದರೆ ಯಂತ್ರ ತನಗೆ ಬರುವುದನ್ನು ಬಚ್ಚಿಡಬೇಕು. ಬುದ್ಧಿ ಅಳೆಯುವ ಪರೀಕ್ಷೆಯೆಂದು ಹೆಸರಾದದ್ದರಲ್ಲಿ ಬುದ್ಧಿ ತೋರಿಸಿದವನಿಗೇ ಸೋಲು.

ಟ್ಯೂರಿಂಗ್ ಪಾಸ್ ಮಾರ್ಕನ್ನೂ ಇಟ್ಟಿರಲಿಲ್ಲ. ಇನ್ನು ಸುಮಾರು 50 ವರ್ಷಕ್ಕೆ, ಐದು ನಿಮಿಷ ಪ್ರಶ್ನೆ ಕೇಳಿದ ಮೇಲೆ, ಸಾಧಾರಣ ತೀರ್ಪುಗಾರ ಸರಿಯಾಗಿ ಗುರುತಿಸುವ ಸಾಧ್ಯತೆ ಶೇ 70ನ್ನು ಮೀರಲಾರದು ಎಂದು ಊಹಿಸಿದ್ದರು, ಅಷ್ಟೇ. ಅದನ್ನು ತಿರುವಿಹಾಕಿ ‘ಶೇ 30 ಬಂದರೆ ಪಾಸು’ ಎಂದು ಮಾಡಿಕೊಂಡವರು ಆಮೇಲೆ ಬಂದವರು. 2014ರ ಜೂನ್ 7ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ‘ಯೂಜೀನ್ ಗೂಸ್ಟ್‌ಮನ್’ ಎಂಬ ಚಾಟ್‌ಬಾಟ್ (ಹರಟೆ ಹೊಡೆಯುವ ಪ್ರೋಗ್ರಾಮ್) ಗೆದ್ದಿತೆಂದು ಸುದ್ದಿಯಾದದ್ದು ಈ ಲೆಕ್ಕದಲ್ಲೇ: 30 ತೀರ್ಪುಗಾರರಲ್ಲಿ ಶೇ 33 ಮಂದಿ ಅದನ್ನು ಮನುಷ್ಯ ಎಂದರು. ಅದು ಹಾಕಿದ ವೇಷ ಉಕ್ರೇನಿನ ಒಡೆಸ್ಸಾದ 13 ವರ್ಷದ ಹುಡುಗನದು. ಹುಡುಗ, ಮೇಲಾಗಿ ಇಂಗ್ಲಿಷ್ ಅವನ ಮನೆಮಾತಲ್ಲ. ಉತ್ತರ ತಪ್ಪಿದರೆ ಪ್ರಾಯ, ಭಾಷೆ ತಪ್ಪಿದರೆ ಊರು. ಎರಡಕ್ಕೂ ನೆಪ ಸಿದ್ಧವಾಗಿತ್ತು. ಅಂಕಿಅಂಶದ ಕಡೆಯಿಂದ ನೋಡಿದರೂ ಗಟ್ಟಿಯಿಲ್ಲ. 30ರಲ್ಲಿ 10 ಎಂದರೆ ನಿಜವಾದ ಪ್ರಮಾಣ ಶೇ 19ರಿಂದ 51ರ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಈಗಿನ ಯಂತ್ರಗಳ ಮಾತು ಬೇರೆ, ಒಪ್ಪೋಣ. 2025ರಲ್ಲಿ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಟ್ಯೂರಿಂಗ್ ಹೇಳಿದಂತೆಯೇ ಮೂವರ ಆಟ ಆಡಿಸಿದರು. ಒಬ್ಬ ತೀರ್ಪುಗಾರ, ಎದುರಿಗೆ ಒಬ್ಬ ಮನುಷ್ಯ ಮತ್ತು ಒಂದು ಯಂತ್ರ, ಐದು ನಿಮಿಷ. ಜಿಪಿಟಿ-4.5 ಎಂಬ ಭಾಷಾ ಮಾದರಿಯನ್ನು (ರಾಶಿ ಪಠ್ಯದಿಂದ ಮಾತು ಹೆಣೆಯಲು ಕಲಿತ ಪ್ರೋಗ್ರಾಮ್) ಶೇ 73 ಸಲ ಮನುಷ್ಯನೆಂದು ಆರಿಸಿದರು. ಮೂವರ ಆಟದಲ್ಲಿ ಕುರುಡು ಊಹೆಗೇ ಶೇ 50 ಸಿಗುತ್ತದೆ. 73 ಎಂದರೆ ಪಕ್ಕದಲ್ಲಿದ್ದ ನಿಜವಾದ ಮನುಷ್ಯನಿಗಿಂತ ಯಂತ್ರವೇ ಹೆಚ್ಚು ಮನುಷ್ಯನಂತೆ ಕಂಡಿತು. ಇದು ಸಣ್ಣ ಫಲಿತಾಂಶವಲ್ಲ.

ಆದರೆ ಅದೇ ಪ್ರಯೋಗದ ಫಲಿತಾಂಶದ ಕೋಷ್ಟಕದಲ್ಲಿ ಇನ್ನೊಂದು ಸಾಲಿದೆ. ಮಾತು ಕಡಿಮೆಯ, ಇಂಟರ್ನೆಟ್ಟಿನ ಆಡುಮಾತು ಬಳಸುವ ಎಳೆಪ್ರಾಯದವನ ಹಾಗೆ ನಟಿಸು ಎಂಬ ಸೂಚನೆ ಕೊಡದೆ ಅದೇ ಜಿಪಿಟಿ-4.5 ಅನ್ನು ಕೂರಿಸಿದಾಗ ಬಂದದ್ದು ಶೇ 36. ಯಂತ್ರ ಅದೇ, ಕಲಿತದ್ದೂ ಅದೇ. ಅಂಕ ಇಮ್ಮಡಿಯಾದದ್ದು ವೇಷದಿಂದ. ಮುಖಕ್ಕೆ ಬಣ್ಣ ಹಚ್ಚಿದರೆ ಏರುವ ಅಂಕವನ್ನು ಬುದ್ಧಿಯ ಲೆಕ್ಕಕ್ಕೆ ಬರೆಯಲು ನಾವು ತಯಾರಿಲ್ಲ.

ಶ್ರೀರಂಗಪಟ್ಟಣದಿಂದ 1799ರಲ್ಲಿ ಲೂಟಿಯಾಗಿ ಲಂಡನ್ನಿಗೆ ಹೋದ ಟಿಪ್ಪುವಿನ ಮರದ ಹುಲಿ ಇದಕ್ಕೆ ಹತ್ತಿರದ ನೆಂಟ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಕೊಳವೆಗಳಿಗೆ ಗಾಳಿ ಊದುತ್ತವೆ. ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದ ಸಿಪಾಯಿ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಗೆ ಹಸಿವಾಗಿದೆಯೇ ಎಂದು ತಿಳಿಯಬೇಕಾದರೆ ಕೇಳುಗರು ಬೆಚ್ಚಿದ್ದನ್ನು ಎಣಿಸಿ ಪ್ರಯೋಜನವಿಲ್ಲ, ಹೊಟ್ಟೆ ತೆರೆದು ನೋಡಬೇಕು. ಹಾಗೆಂದು ಇಂದಿನ ಭಾಷಾ ಮಾದರಿಯೊಳಗೆ ಬರೀ ತಿದಿ, ಕೊಳವೆ ಇದೆ ಎಂದು ಹೊಟ್ಟೆ ತೆರೆಯುವ ಮೊದಲೇ ಹೇಳುವುದೂ ಅಷ್ಟೇ ತಪ್ಪು.

ಮೈಸೂರಿನ ಯಾವುದಾದರೂ ಕಾಲೇಜಿನಲ್ಲಿ ಕನ್ನಡದಲ್ಲೇ ಈ ಆಟ ಆಡಿಸುವುದಾದರೆ ಮೊದಲು ಕೆಡುವುದು ಲಿಪಿ. ನಮ್ಮ ಹುಡುಗರು ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಯಂತ್ರ ತಪ್ಪಿಲ್ಲದ ಕನ್ನಡ ಲಿಪಿಯಲ್ಲಿ ಬರೆಯುತ್ತದೆ. ಮೊದಲ ಸಾಲಿಗೇ ಆಟ ಮುಗಿಯಿತು. ಇಬ್ಬರಿಗೂ ಒಂದೇ ಲಿಪಿ, ಒಂದೇ ಕೀಬೋರ್ಡು ಕಡ್ಡಾಯ ಮಾಡಿ. ಎರಡನೆಯದು ವೇಗ. ಯಂತ್ರದ ಉತ್ತರವನ್ನು ಸೆಕೆಂಡಿಗೆ ಮೂರು ಅಕ್ಷರದ ಲೆಕ್ಕದಲ್ಲಿ ತಡೆದು ಬಿಡಿ. 60 ಅಕ್ಷರಕ್ಕೆ 20 ಸೆಕೆಂಡು. ಎಡಕ್ಕೆ ಯಾರು, ಬಲಕ್ಕೆ ಯಾರು ಎಂಬುದನ್ನು ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿ ತೀರ್ಮಾನಿಸಿ. ಮನುಷ್ಯನ ಜಾಗದಲ್ಲಿ ಕೂತವರಿಗೆ ‘ರೋಬೋ ತರಹ ಮಾತಾಡಿ ತಮಾಷೆ ಮಾಡಬೇಡಿ’ ಎಂದು ಮೊದಲೇ ಹೇಳಿ. ಹೇಳದಿದ್ದರೆ ಖಂಡಿತ ಮಾಡುತ್ತಾರೆ. 100 ತೀರ್ಪು ಸೇರಿದರೆ ಫಲಿತಾಂಶದಲ್ಲಿ ಶೇ 10ರಷ್ಟು ಆಚೀಚೆ ಉಳಿಯುತ್ತದೆ, ಅದನ್ನು 5ಕ್ಕೆ ಇಳಿಸಲು 400 ಬೇಕು. ಅದೇ 25 ಮಂದಿಯನ್ನು ನಾಲ್ಕು ಸಲ ಕೂರಿಸಿ 100 ಎನ್ನುವುದು ಅರ್ಧ ಸುಳ್ಳು. ಒಬ್ಬರ ನಾಲ್ಕು ತೀರ್ಪು ಒಂದೇ ಜಾಡಿನಲ್ಲಿ ಇರುತ್ತವೆ.

ನಾಲ್ಕು ಸುತ್ತಿಗೊಂದು ಸುತ್ತಿನಲ್ಲಿ ಏನೂ ತಿಳಿಯದ ಪ್ರೋಗ್ರಾಮನ್ನು ಕೂರಿಸುವುದು ಇದರಲ್ಲೆಲ್ಲ ಮುಖ್ಯ. ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲೈಜಾ’ ಅಂಥದ್ದು. ಆಡಿದವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೊಡುತ್ತದೆ. ಮೇಲಿನ ಪ್ರಯೋಗದಲ್ಲೂ ಅದಿತ್ತು, ಶೇ 23 ಗಳಿಸಿತು. ಜಿಪಿಟಿಯ ಇನ್ನೊಂದು ಆವೃತ್ತಿ, ವೇಷವಿಲ್ಲದ ಜಿಪಿಟಿ-4ಓ ಗಳಿಸಿದ್ದು 21. ತೀರ್ಪುಗಾರರ ಕಣ್ಣು ಎಷ್ಟು ಮಂದ ಎಂಬುದರ ಅಳತೆ ಆ 23.

ಎಲೈಜಾವನ್ನು ಕನ್ನಡಕ್ಕೆ ತರಲು ಒಂದು ಮಧ್ಯಾಹ್ನ ಸಾಕು, ಆದರೆ ಇಂಗ್ಲಿಷಿನಷ್ಟು ಸಲೀಸಲ್ಲ. ‘ನನಗೆ ಬೇಜಾರಾಗಿದೆ’ ಎಂದರೆ ‘ನಿಮಗೆ ಯಾಕೆ ಬೇಜಾರಾಗಿದೆ?’ ಎನ್ನಿಸುವುದು ಸುಲಭ. ‘ನಾನು ಮಂಡ್ಯಕ್ಕೆ ಹೋಗುತ್ತೇನೆ’ ಎಂದಾಗ ‘ನಾನು’ ಬದಲಿಸಿದರೆ ಸಾಲದು, ‘ತ್ತೇನೆ’ ಹೋಗಿ ‘ತ್ತೀರಿ’ ಬರಬೇಕು. ‘ಬಂದೆ’ಯನ್ನು ‘ಬಂದಿರಿ’ ಮಾಡಲು ಕೊನೆಯ ‘ದೆ’ಗೆ ‘ದಿರಿ’ ಎಂಬ ನಿಯಮ ಬರೆದಿರೋ, ‘ಮನೆಯಲ್ಲಿ ಜಗಳ ಇದೆ’ ಎಂಬುದಕ್ಕೆ ‘ಜಗಳ ಯಾಕೆ ಇದಿರಿ?’ ಎಂಬ ಉತ್ತರ ಬರುತ್ತದೆ. ‘ಇದೆ’, ‘ಆಗಿದೆ’, ‘ಇಲ್ಲದೆ’ ಇವನ್ನೆಲ್ಲ ಮೊದಲೇ ಬೇರ್ಪಡಿಸಿಡಿ.

ಇನ್ನು ಏನು ಕೇಳಬೇಕು ಎಂಬುದು. ‘ಏನ್ಲಾ ಮಗಾ’ ಎಂದು ಮಂಡ್ಯದ ಮಾತಿನಲ್ಲಿ ಕೆಣಕುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ದುರ್ಬಲ ಉಪಾಯ. ಯಂತ್ರಕ್ಕೆ ಆ ಧಾಟಿಯನ್ನು ಹೇಳಿಕೊಡಬಹುದು. ಧಾರವಾಡದಿಂದ ಬಂದ ಹುಡುಗಿ ಮಾತ್ರ ತಡವರಿಸಿ ಯಂತ್ರ ಅನ್ನಿಸಿಕೊಳ್ಳುತ್ತಾಳೆ. 1991ರಲ್ಲಿ ಬೋಸ್ಟನ್‌ನಲ್ಲಿ ಇದೇ ಆಟ ಆಡಿಸಿದ ಲೋಬ್ನರ್ ಸ್ಪರ್ಧೆಯಲ್ಲಿ ಷೇಕ್ಸ್‌ಪಿಯರನನ್ನು ಚೆನ್ನಾಗಿ ಓದಿಕೊಂಡಿದ್ದ ಮಹಿಳೆಯೊಬ್ಬರನ್ನು, ಇಷ್ಟೆಲ್ಲ ಮನುಷ್ಯರಿಗೆ ಗೊತ್ತಿರಲಾರದು ಎಂದು ಯಂತ್ರಕ್ಕೆ ಸೇರಿಸಿದ್ದರು.

‘ಶ್ರೀರಂಗಪಟ್ಟಣ ಪದದಲ್ಲಿ ಎಷ್ಟು ಅಕ್ಷರ?’ ಎಂಬುದೂ ಬೇಡ. ನಮಗೆ ಆರು. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪಟ್ಟಿಯಲ್ಲಿ ಅದು 12 ಸಂಕೇತ, ಅವನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ 36 ಬೈಟ್. ಯಂತ್ರ ಓದುವುದು ಪಠ್ಯವನ್ನು ಕತ್ತರಿಸಿದ, ಇವೆರಡಕ್ಕೂ ತಾಳೆಯಾಗದ ಟೋಕನ್ ಎಂಬ ತುಣುಕುಗಳನ್ನು. ಅಲ್ಲಿ ಎಡವಿದರೆ ಅದು ಕಣ್ಣಿನ ದೋಷ, ಬುದ್ಧಿಯದೆಂದು ಹೇಳಲು ಬರುವುದಿಲ್ಲ.

ಕೇಳಬೇಕಾದದ್ದು ಜೋಡಿ ಪ್ರಶ್ನೆ. ‘ಬೆಲ್ಲದ ಅಚ್ಚು ಡಬ್ಬಿಯೊಳಗೆ ಹೋಗಲಿಲ್ಲ, ಅದು ದೊಡ್ಡದಾಗಿತ್ತು. ಯಾವುದು?’ ಸ್ವಲ್ಪ ಹೊತ್ತು ಬಿಟ್ಟು ‘ಅದು ಚಿಕ್ಕದಾಗಿತ್ತು. ಯಾವುದು?’ ಒಂದೇ ಪದ ಬದಲಾದರೆ ಉತ್ತರ ಅಚ್ಚಿನಿಂದ ಡಬ್ಬಿಗೆ ಹಾರಬೇಕು. ಕಂಪ್ಯೂಟರ್ ವಿಜ್ಞಾನಿ ಟೆರ್ರಿ ವಿನೋಗ್ರಾಡ್ ಹೆಸರಿನಲ್ಲಿ ಇವಕ್ಕೆ ವಿನೋಗ್ರಾಡ್ ಪ್ರಶ್ನೆಗಳೆಂದು ಹೆಸರು. ಕನ್ನಡದಲ್ಲಿ ಜನರ ಬಗ್ಗೆ ಕೇಳುವುದಾದರೆ ಇಬ್ಬರೂ ಗಂಡಸರು ಅಥವಾ ಇಬ್ಬರೂ ಹೆಂಗಸರು ಇರಲಿ, ಇಲ್ಲದಿದ್ದರೆ ‘ಅವನು’, ‘ಅವಳು’, ಕ್ರಿಯಾಪದದ ಕೊನೆ ಇವೇ ಉತ್ತರ ಹೇಳಿಕೊಟ್ಟುಬಿಡುತ್ತವೆ. ಇಬ್ಬರಿಗೂ ‘ಅವರು’ ಎಂದು ಮರ್ಯಾದೆ ಕೊಟ್ಟರೂ ನಡೆಯುತ್ತದೆ. ಹಳೆಯ ಜೋಡಿಗಳೆಲ್ಲ ತರಬೇತಿಯ ಪಠ್ಯದಲ್ಲಿ ಸೇರಿಹೋಗಿರುವುದರಿಂದ ಹೊಸದಾಗಿ ಹೆಣೆಯಿರಿ.

ಗೊತ್ತಿರುವ ಒಗಟನ್ನು ಕೆಡಿಸಿ ಕೇಳುವುದು ಇನ್ನೂ ಒಳ್ಳೆಯದು. ಹುಲಿ, ಮೇಕೆ, ಹುಲ್ಲಿನ ಕಟ್ಟನ್ನು ಹೊಳೆ ದಾಟಿಸುವ ಲೆಕ್ಕಕ್ಕೆ ಏಳು ಸಲ ದಾಟಬೇಕು. ಅದನ್ನು ಹೀಗೆ ಮಾಡಿ: ರೈತ ಮತ್ತು ಮೇಕೆ ಮಾತ್ರ, ಕಾವೇರಿಯಲ್ಲಿ ಹರಿಗೋಲು, ಇಬ್ಬರಿಗೂ ಜಾಗವಿದೆ. ಎಷ್ಟು ಸಲ? ಇಂಥ ಮಾರ್ಪಾಡಿಗೆ ಕೆಲವು ಭಾಷಾ ಮಾದರಿಗಳು ಇಲ್ಲದ ಹುಲಿಯನ್ನು ಕರೆತಂದು ಹಲವು ಸಲ ದಾಟಿಸಿದ್ದುಂಟು. ಸರಿಯಾಗಿ ‘ಒಂದು’ ಎಂದರೂ ಅಲ್ಲಿಗೆ ಬಿಡಬೇಡಿ. ಮೇಕೆಯ ಜಾಗಕ್ಕೆ ಬೈಸಿಕಲ್ಲು, ಹರಿಗೋಲಿಗೆ ತೂತು, ದಡಕ್ಕೆ ಸೇತುವೆ, ಹೀಗೆ ಹತ್ತು ಬಗೆ ಮಾಡಿ ಪ್ರತಿಯೊಂದನ್ನೂ ಹೊಸ ಚಾಟ್ ಕಿಟಕಿಯಲ್ಲಿ ಐದೈದು ಸಲ ಕೇಳಿ. ಒಂದೇ ಪ್ರಶ್ನೆಗೆ ಐದರಲ್ಲಿ ಮೂರು ಸಲ ಸರಿ, ಎರಡು ಸಲ ಹುಲಿ ಬಂದರೆ ಹಾಳೆಯಲ್ಲಿ 3/5 ಎಂದೇ ಬರೆಯಿರಿ, ‘ಪಾಸು’ ಎಂದಲ್ಲ.