ಎರಡೂವರೆ ಗುಂಟೆ ತೋಟ, ನೂರು ವರ್ಷದ ಬಾಡಿಗೆ ಜಗಳ

ಇಂಗ್ಲೆಂಡಿನಲ್ಲಿ ನೆಲೆಸಿರುವ ಬೆಂಗಳೂರಿನವರ ಮನೆ ಗ್ರೂಪ್‌ಗಳಲ್ಲಿ ಬೇಸಿಗೆ ಬಂತೆಂದರೆ ಒಂದೇ ಸುದ್ದಿ. ಮೆಂತ್ಯ ಸೊಪ್ಪಿನ ಫೋಟೊ, ಹುರುಳಿಕಾಯಿ ಫೋಟೊ, ಕುಂಬಳಕಾಯಿ ಎತ್ತಿ ಹಿಡಿದ ಭಾವನ ಫೋಟೊ. ಅದರ ಜೊತೆಗೇ ಇನ್ನೊಂದು ಬರುತ್ತದೆ: ತೋಟದ ಬಾಡಿಗೆ ಮತ್ತೆ ಏರಿಸಿದರು ಅನ್ನೋ ಗೊಣಗಾಟ. ಇಲ್ಲಿ ಕೂತವರಿಗೆ ಇದು ಅರ್ಥವಾಗಲ್ಲ. ವರ್ಷಕ್ಕೆ 50 ಪೌಂಡೋ 80 ಪೌಂಡೋ, ಅಷ್ಟಕ್ಕೆ ಇಷ್ಟು ರಂಪವಾ ಅಂತ ಕೇಳುತ್ತಾರೆ. ರಂಪ ಹಳೆಯದು. ಅದರ ಬುಡ ದುಡ್ಡಿನ ಮೊತ್ತದಲ್ಲೂ ಇಲ್ಲ.

ಮೊದಲು ಅಳತೆ ಹೇಳಿಬಿಡೋಣ. ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಇಂಥ ತುಂಡು ನೆಲಕ್ಕೆ ಅಲ್ಲಿ ಅಲಾಟ್‌ಮೆಂಟ್ ಅನ್ನುತ್ತಾರೆ. ಒಂದು ಪೂರ್ತಿ ಅಲಾಟ್‌ಮೆಂಟ್ ತೋಟ ಅಂದರೆ ಸಾಮಾನ್ಯವಾಗಿ 10 ರಾಡ್. ಯಾವ ಕಾಲದ ಅಳತೆಯೋ, ಇನ್ನೂ ಬಿಟ್ಟಿಲ್ಲ. ಎಕರೆಗೆ 160 ರಾಡ್, ನಮ್ಮಲ್ಲಿ ಎಕರೆಗೆ 40 ಗುಂಟೆ. ಹಾಗಾಗಿ 10 ರಾಡ್ ಅಂದರೆ ಸರಿಯಾಗಿ ಎರಡೂವರೆ ಗುಂಟೆ. ಸುಮಾರು 250 ಚದರ ಮೀಟರ್, 40x60 ಸೈಟಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಮನೆ ಕಟ್ಟುವ ಹಾಗಿಲ್ಲ. ಬೆಳೆಯುವುದು ಮುಖ್ಯವಾಗಿ ಮನೆಮಂದಿಯ ಊಟಕ್ಕೆ, ವ್ಯಾಪಾರಕ್ಕಲ್ಲ. ನೆಲ ಹೆಚ್ಚಾಗಿ ಕೌನ್ಸಿಲ್‌ನದು, ಅಂದರೆ ಅಲ್ಲಿನ ಪಾಲಿಕೆಯದೋ ಪಂಚಾಯಿತಿಯದೋ.

ಹಿಂದಿನ ಕತೆ ಬೇಗ ಮುಗಿಸಬಹುದು. 18, 19ನೇ ಶತಮಾನದಲ್ಲಿ ಊರೊಟ್ಟಿನ ಜಮೀನಿಗೆಲ್ಲ ಬೇಲಿ ಬಿತ್ತು, ಬಡವರಿಗೆ ದನ ಮೇಯಿಸಲು ಸೌದೆ ಆಯಲು ಜಾಗ ಇಲ್ಲದಾಯಿತು, ಅದಕ್ಕೆ ಪರಿಹಾರ ಅನ್ನುವಂತೆ 1845ರ ಕಾನೂನು ಕೂಲಿಯವರಿಗೆ ಒಂದಿಷ್ಟು ತುಂಡು ನೆಲ ಬಿಡಿ ಅಂದಿತು, 1887ರಲ್ಲಿ ಬೇಡಿಕೆ ಇದ್ದರೆ ಸ್ಥಳೀಯ ಸಂಸ್ಥೆಯೇ ತೋಟ ಒದಗಿಸಬೇಕು ಅಂತಾಯಿತು, 1908ರ ಕಾಯ್ದೆ ಇದನ್ನೆಲ್ಲ ಒಂದು ಕಡೆ ಸೇರಿಸಿತು. ಆರು ಜನ ಸಹಿ ಹಾಕಿ ತೋಟ ಬೇಕು ಅಂತ ಕೇಳಿದರೆ ಕೌನ್ಸಿಲ್ ಆ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ ಅನ್ನುವುದು ಆ ಕಾಯ್ದೆಯಿಂದ ಬಂದ ಮಾತು. ಎರಡು ಮಹಾಯುದ್ಧಗಳಲ್ಲಿ ಊಟದ ಕೊರತೆ ಬಿದ್ದಾಗ ಪಾರ್ಕು, ಮೈದಾನ ಎಲ್ಲ ಅಗೆದು ಆಲೂಗಡ್ಡೆ ಹಾಕಿದರು. ಎರಡನೇ ಯುದ್ಧದ ಹೊತ್ತಿಗೆ ಸುಮಾರು 14 ಲಕ್ಷ ತೋಟಗಳಿದ್ದವು. ನಡುವೆ 1922ರ ಕಾಯ್ದೆ ಬಾಡಿಗೆದಾರರನ್ನು ಏಕಾಏಕಿ ಎಬ್ಬಿಸದಂತೆ ರಕ್ಷಣೆ ಕೊಟ್ಟಿತು. 1925ರದು ಮಂತ್ರಿಯ ಒಪ್ಪಿಗೆ ಇಲ್ಲದೆ ಇಂಥ ನೆಲ ಮಾರಬಾರದು ಅಂದಿತು.

ಬಾಡಿಗೆಯ ತಕರಾರು ನಿಜವಾಗಿ ಗಟ್ಟಿಯಾಗುವುದು 1950ರ ಕಾಯ್ದೆಯಿಂದ. ಅದರ 10ನೇ ಸೆಕ್ಷನ್ ಹೇಳುವುದು ಇಷ್ಟೇ: ಇಂಥ ಬಳಕೆಗೆ, ಇಂಥ ಷರತ್ತುಗಳಲ್ಲಿ ನೆಲ ಪಡೆಯುವ ಬಾಡಿಗೆದಾರ ನ್ಯಾಯವಾಗಿ ಎಷ್ಟು ಕೊಡಬಹುದೋ ಅಷ್ಟು ಬಾಡಿಗೆ. ಅಷ್ಟೇ. ಒಂದು ಅಂಕಿ ಇಲ್ಲ, ಸೂತ್ರ ಇಲ್ಲ, ಮೇಲಿನ ಮಿತಿ ಇಲ್ಲ. ಕಷ್ಟದಲ್ಲಿರುವವರಿಗೆ ಕಡಿಮೆ ಮಾಡಬಹುದು ಅಂತ ಅದೇ ಸೆಕ್ಷನ್ ಅವಕಾಶ ಕೊಟ್ಟಿದೆ. ಇವತ್ತು ಬಹಳ ಕಡೆ ವಯಸ್ಸಾದವರಿಗೆ ಸಿಗುವ ರಿಯಾಯಿತಿಯ ಬೇರು ಇಲ್ಲಿದೆ. ಕೌನ್ಸಿಲ್ ಎಬ್ಬಿಸಬೇಕಾದರೆ 12 ತಿಂಗಳ ನೋಟಿಸ್ ಕೊಡಬೇಕು, ಆ ಗಡುವೂ ಬೆಳೆಯ ಕಾಲದಲ್ಲಿ, ಅಂದರೆ ಏಪ್ರಿಲ್ ಮೊದಲ ವಾರ ಕಳೆದ ಮೇಲೆ ಸೆಪ್ಟೆಂಬರ್ ಕೊನೆಯೊಳಗೆ, ಮುಗಿಯಬಾರದು. (ಕೋಳಿ ಮತ್ತು ಮೊಲ ಸಾಕುವುದಕ್ಕೂ ಇದೇ ಕಾಯ್ದೆ ಹಕ್ಕು ಕೊಟ್ಟಿತು. ಯುದ್ಧ ಮುಗಿದು ಐದು ವರ್ಷವಾದರೂ ಅಲ್ಲಿ ಮಾಂಸಕ್ಕೆ ರೇಷನ್ ಇತ್ತು ಅನ್ನುವುದನ್ನು ನೆನಪಿಟ್ಟರೆ ಇದು ತಮಾಷೆ ಅನ್ನಿಸಲ್ಲ.)

‘ನ್ಯಾಯವಾಗಿ’ ಅಂದರೆ ಎಷ್ಟು? ಮುಂದಿನ ಎಪ್ಪತ್ತು ಚಿಲ್ಲರೆ ವರ್ಷ ಜಗಳ ಆಗಿದ್ದೇ ಇದರ ಮೇಲೆ. ಕೌನ್ಸಿಲ್‌ನವರು ನಮ್ಮ ಖರ್ಚು ಎಷ್ಟಾಗುತ್ತದೋ ಅಷ್ಟು ಕೊಡಿ ಅನ್ನುತ್ತಾರೆ. ತೋಟದವರು ಪಕ್ಕದ ಊರಲ್ಲಿ ಎಷ್ಟಿದೆ ನೋಡಿ ಅನ್ನುತ್ತಾರೆ. ಮೂರನೇ ಅಳತೆಗೋಲು ಕೋರ್ಟಿನಿಂದ ಬಂತು. 1981ರಲ್ಲಿ ರೈಗೇಟ್ ಮತ್ತು ಬ್ಯಾನ್‌ಸ್ಟೆಡ್ ಕೌನ್ಸಿಲ್‌ನ ಬಾಡಿಗೆ ಏರಿಕೆ ಪ್ರಶ್ನಿಸಿ ಹೂಡಿದ ಕೇಸಿನಲ್ಲಿ ಹೊರಬಿದ್ದ ಸಾರ ಏನಂದರೆ, ತೋಟದವರನ್ನು ಮಾತ್ರ ಹುಡುಕಿ ಹಿಡಿದು ಏರಿಸಬೇಡಿ, ಕೌನ್ಸಿಲ್ ನಡೆಸುವ ಉಳಿದ ಮನರಂಜನೆ ಸೌಲಭ್ಯಗಳ ದರಕ್ಕೆ ಏನು ಮಾಡುತ್ತೀರೋ ಅದರ ಜೊತೆ ಹೋಲಿಸಿ ನೋಡಿ. ಈಜುಕೊಳಕ್ಕೆ, ಆಟದ ಮೈದಾನಕ್ಕೆ ಕೌನ್ಸಿಲ್ ಕೈಯಿಂದ ಹಾಕುತ್ತಿದ್ದರೆ ತೋಟದ ಖರ್ಚು ಮಾತ್ರ ಪೂರ್ತಿ ವಸೂಲಿ ಯಾಕೆ? ಇವತ್ತಿಗೂ ಬಾಡಿಗೆ ಸಭೆಗಳಲ್ಲಿ ತೋಟದವರು ಎತ್ತುವ ಮೊದಲ ಹೆಸರು ಈ ಕೇಸಿನದು.

ಈ ವಾದಕ್ಕೆ ಒಂದು ಹಿಂಬದಿಯೂ ಇದೆ. 1969ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಭೂಗೋಳ ಪ್ರೊಫೆಸರ್ ಹ್ಯಾರಿ ಥಾರ್ಪ್ ಅವರ ಸಮಿತಿ ಸರ್ಕಾರಕ್ಕೆ ಒಂದು ದಪ್ಪ ವರದಿ ಕೊಟ್ಟಿತು. ಬಡವರ ಹೊಟ್ಟೆಪಾಡಿನ ತೋಟದ ಕಾಲ ಮುಗಿಯಿತು, ಇನ್ನು ಇದನ್ನು ಬಿಡುವಿನ ವೇಳೆಯ ತೋಟ ಅಂತ ನೋಡಿ, ಶೌಚಾಲಯ, ಒಳ್ಳೆ ದಾರಿ, ಚೆಂದದ ಷೆಡ್ ಎಲ್ಲ ಕೊಡಿ ಅಂದಿತು. ಶಿಫಾರಸುಗಳಲ್ಲಿ ಹೆಚ್ಚಿನವು ಜಾರಿಗೆ ಬರಲಿಲ್ಲ. ಆದರೆ ಆ ನೋಟ ಮಾತ್ರ ಉಳಿದುಕೊಂಡಿತು. ಹವ್ಯಾಸ ಅಂದ ಮೇಲೆ ಹವ್ಯಾಸಕ್ಕೆ ನೀವೇ ದುಡ್ಡು ಕೊಡಿ ಅನ್ನುವುದು ಸುಲಭ, ಅಲ್ವಾ?

ಇನ್ನು ದುಡ್ಡು ಎಲ್ಲಿ ಹೋಗುತ್ತದೆ ಅನ್ನೋ ವಿಷಯ. ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಒಂದು ಜಾಗದಲ್ಲಿ 50 ತೋಟ, ತಲಾ 50 ಪೌಂಡ್. ವರ್ಷಕ್ಕೆ 2,500 ಪೌಂಡ್. ಅದರಲ್ಲಿ ನಲ್ಲಿ ನೀರಿನ ಬಿಲ್ ಕಟ್ಟಬೇಕು, ಬೇಲಿ ಗಿಡ ಕತ್ತರಿಸಬೇಕು, ದಾರಿಯ ಗುಂಡಿ ಮುಚ್ಚಬೇಕು, ಗೇಟಿನ ಬೀಗ ಬದಲಿಸಬೇಕು, ಬಿಟ್ಟುಹೋದವರ ಮುಳ್ಳುಪೊದೆ ಮತ್ತು ಮುರಿದ ಷೆಡ್ ಸಾಗಿಸಬೇಕು, ವಿಮೆ ಮಾಡಿಸಬೇಕು. ನೆಲದಡಿಯ ಹಳೇ ಪೈಪ್ ಒಡೆದರೆ ಅಥವಾ ಒಂದು ದೊಡ್ಡ ಮರ ಬೀಳಿಸಬೇಕಾದರೆ ಆ ವರ್ಷದ ಬಾಡಿಗೆ ಅಲ್ಲಿಗೇ ಚೊಕ್ಕ. ಹಾಗಾಗಿ ಬಾಡಿಗೆ ಸಾಲದು ಅನ್ನುವ ಕೌನ್ಸಿಲ್‌ನವರ ಮಾತು ಸುಳ್ಳೇನಲ್ಲ. ಎಲ್ಲದಕ್ಕಿಂತ ಜಾಸ್ತಿ ಕಿರಿಕ್ ಆಗುವುದು ನೀರಿನ ವಿಷಯಕ್ಕೆ. ಮೀಟರ್ ಇಡೀ ಜಾಗಕ್ಕೆ ಒಂದೇ. ಕ್ಯಾನ್‌ನಲ್ಲಿ ಹೊತ್ತು ಹಾಕುವವರೂ ಪೈಪ್ ಬಿಟ್ಟು ಮರೆಯುವವರೂ ಅಷ್ಟೇ ಕಟ್ಟುತ್ತಾರೆ.

ಆದರೆ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲು ಬರುತ್ತದೆ: ಆಡಳಿತ ವೆಚ್ಚ. ಅಧಿಕಾರಿಯ ಸಮಯ, ಕಚೇರಿಯ ಪಾಲು, ಕಂಪ್ಯೂಟರಿನ ಪಾಲು. ಇದು ನಮ್ಮ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಇದ್ದ ಹಾಗೆ. ಲಿಫ್ಟ್ ರಿಪೇರಿಗೆ ಯಾರೂ ತಕರಾರು ತೆಗೆಯಲ್ಲ, ‘ಇತರೆ’ ಅಂತ ಬರೆದ ಸಾಲು ನೋಡಿದ ಕೂಡಲೇ ವಾರ್ಷಿಕ ಸಭೆ ಎರಡು ಗಂಟೆ ಜಾಸ್ತಿ ಎಳೆಯುತ್ತದೆ.

ಇಲ್ಲೊಂದು ವಿಚಿತ್ರ ಇದೆ. 1908ರ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ, ತೋಟದ ನೆಲವನ್ನೇ ಮಾರಿದರೆ ಬಂದ ಹಣ ಮೊದಲು ತೋಟಗಳ ಸಾಲ ತೀರಿಸಲು, ಬೇರೆ ತೋಟದ ನೆಲ ಕೊಳ್ಳಲು ಅಥವಾ ಸರಿಮಾಡಲು ಹೋಗಬೇಕು. ಮಿಕ್ಕಿದರೆ ಮಾತ್ರ ಬೇರೆಯದಕ್ಕೆ. ಅಪರೂಪಕ್ಕೊಮ್ಮೆ ಬರುವ ಮಾರಾಟದ ಹಣಕ್ಕೆ ಇಷ್ಟು ಬಿಗಿ ಕಟ್ಟು. ಪ್ರತಿ ವರ್ಷ ಬರುವ ಬಾಡಿಗೆಯೋ, ಬಹಳ ಕಡೆ ಕೌನ್ಸಿಲ್‌ನ ಸಾಮಾನ್ಯ ಖಾತೆಗೆ ಸೇರಿಬಿಡುತ್ತದೆ. ಅಲ್ಲಿಂದ ಎಷ್ಟು ವಾಪಸ್ ಬೇಲಿಗೆ ಬಂತು, ಎಷ್ಟು ಬರಲಿಲ್ಲ ಅನ್ನುವುದನ್ನು ಕೌನ್ಸಿಲ್ ತಾನಾಗಿ ತೋರಿಸಿದರೆ ಉಂಟು. ಲೆಕ್ಕ ತೋರಿಸಿ ಏರಿಸಿದ ಕಡೆ ಜನ ಗೊಣಗಿಕೊಂಡಾದರೂ ಕಟ್ಟುತ್ತಾರೆ. ಎಂಟು ಪೌಂಡ್ ಏರಿಕೆಗೆ ಬೀದಿಗೆ ಇಳಿಯುವ ಜನ ಎಂಟು ಪೌಂಡಿಗಾಗಿ ಇಳಿದಿರುವುದಿಲ್ಲ.

ಈ ಗೊಂದಲಕ್ಕೆ ಒಂದು ಮದ್ದು ಅಂತ ಬೆಳೆದು ಬಂದದ್ದು ಸಂಘದ ಕೈಗೆ ಆಡಳಿತ ಕೊಡುವ ಪದ್ಧತಿ. ಕೌನ್ಸಿಲ್ ಇಡೀ ಜಾಗವನ್ನು ತೋಟದವರ ಸಂಘಕ್ಕೆ ಲೀಸ್ ಕೊಡುತ್ತದೆ. ಸಂಘವೇ ಬಾಡಿಗೆ ಗೊತ್ತು ಮಾಡಿ, ವಸೂಲಿ ಮಾಡಿ, ಖರ್ಚು ಮಾಡುತ್ತದೆ. ಕೆಲವು ಕಡೆ ಅರ್ಧಂಬರ್ಧ: ವಸೂಲಿ ಸಂಘದ್ದು, ದೊಡ್ಡ ರಿಪೇರಿ ಕೌನ್ಸಿಲ್‌ನದು. ಒಳ್ಳೆಯದಿದೆ. ದುಡ್ಡು ಅಲ್ಲೇ ಸುತ್ತುತ್ತದೆ, ಭಾನುವಾರ ಎಲ್ಲರೂ ಸೇರಿ ಬೇಲಿ ಕತ್ತರಿಸಿದರೆ ಕೂಲಿ ಉಳಿಯುತ್ತದೆ, ಖಜಾಂಚಿ ವಾರ್ಷಿಕ ಸಭೆಯಲ್ಲಿ ನಿಂತು ಪೈಸೆ ಪೈಸೆಗೂ ಉತ್ತರ ಕೊಡಬೇಕಾಗುತ್ತದೆ. ಕಷ್ಟವೂ ಇದೆ. ತೋಟಗಳು ಖಾಲಿ ಬಿದ್ದರೂ ಲೀಸಿನ ಹಣ ಕಟ್ಟಲೇಬೇಕು. ನಲವತ್ತು ಜನರಲ್ಲಿ ಕೆಲಸಕ್ಕೆ ಬರುವವರು ನಾಲ್ವರೇ, ಅವರಿಗೂ ವಯಸ್ಸಾಗಿರುತ್ತದೆ. ಕೌನ್ಸಿಲ್‌ಗಳಿಗೆ ಬರುವ ಸರ್ಕಾರಿ ಅನುದಾನ 2010ರ ನಂತರ ಜೋರಾಗಿ ಕುಸಿದಾಗ ಈ ಪದ್ಧತಿ ಎಲ್ಲರಿಗೂ ಬಹಳ ಇಷ್ಟವಾಯಿತು. ಹಕ್ಕು ಕೊಡುತ್ತಿದ್ದಾರಾ, ಹೊರೆ ಇಳಿಸುತ್ತಿದ್ದಾರಾ ಅನ್ನುವುದು ಲೀಸ್ ಕಾಗದ ಪೂರ್ತಿ ಓದಿದರೆ ಮಾತ್ರ ಗೊತ್ತಾಗುತ್ತದೆ.

ಇದರ ನಡುವೆ ಬೇಡಿಕೆ ಏರಿದೆ. ಈಗ ಅಲ್ಲಿ ಉಳಿದಿರುವುದು ಸುಮಾರು 3 ಲಕ್ಷ 30 ಸಾವಿರ ತೋಟ ಅನ್ನುತ್ತಾರೆ. 2023ರ ಒಂದು ಲೆಕ್ಕದಲ್ಲಿ ಕಾಯುತ್ತಿದ್ದವರು 1 ಲಕ್ಷ 70 ಸಾವಿರಕ್ಕೂ ಜಾಸ್ತಿ. ಸಾಲು ಕರಗಿಸಲು ತೋಟವನ್ನು ಎರಡು ಮಾಡಿ 5 ರಾಡ್ ಕೊಡುತ್ತಾರೆ. ಆಗ ಅಳತೆಗೆ ತಕ್ಕ ಬಾಡಿಗೆಯಾ, ತಲೆಗಿಷ್ಟು ಅಂತಲಾ? ಬಿಲ್ ಕಳಿಸುವ ಖರ್ಚು ಎರಡೂವರೆ ಗುಂಟೆಗೂ ಒಂದೂಕಾಲು ಗುಂಟೆಗೂ ಒಂದೇ. ಹೊಸ ಜಗಳ.

ಜರ್ಮನಿಯವರು ಇದಕ್ಕೆ ಅಂಕಿಯನ್ನೇ ಕಾನೂನಿನಲ್ಲಿ ಬರೆದಿಟ್ಟರು. 1983ರ ಕಾಯ್ದೆಯ ಪ್ರಕಾರ ಆ ಊರಿನಲ್ಲಿ ವ್ಯಾಪಾರಕ್ಕೆ ಹಣ್ಣು ತರಕಾರಿ ಬೆಳೆಯುವ ನೆಲದ ಬಾಡಿಗೆಯ ಎರಡರಷ್ಟು ಮೀರಬಾರದು ಅಂತಿತ್ತು. ನೆಲದ ಒಡೆಯರಿಗೆ ಇದು ಅನ್ಯಾಯ ಅಂತ ಅಲ್ಲಿನ ಸಂವಿಧಾನ ಕೋರ್ಟ್ 1992ರಲ್ಲಿ ಹೇಳಿತು. 1994ರಿಂದ ಮಿತಿ ನಾಲ್ಕರಷ್ಟು. ಜಗಳ ಇಲ್ಲ ಅಂತಲ್ಲ, ಕನಿಷ್ಠ ಯಾವುದರ ಬಗ್ಗೆ ಅಂತ ಗೊತ್ತಿದೆ.

ಬೆಂಗಳೂರಿಗೆ ಇದೆಲ್ಲ ಯಾಕೆ ಅಂದರೆ, ನಾವೂ ಆ ದಾರಿಗೆ ಬಂದಾಗಿದೆ. ಊರಾಚೆ ತುಂಡು ನೆಲ ಹಿಡಿದು ತರಕಾರಿ ಬೆಳೆಸುವ ವ್ಯವಸ್ಥೆಗಳು ಸುಮಾರು 2017ರಿಂದ ಆ್ಯಪ್‌ಗಳಲ್ಲೂ ಬಂದವು. 600 ಚದರಡಿಗೆ ತಿಂಗಳಿಗೆ 2,500 ರೂಪಾಯಿ ಆಸುಪಾಸು ಅಂತ ಶುರುವಾಯಿತು. ಇಂಗ್ಲೆಂಡಿನ ಪೂರ್ತಿ ತೋಟದ ಕಾಲು ಭಾಗಕ್ಕಿಂತ ಕಡಿಮೆ ನೆಲಕ್ಕೆ ವರ್ಷಕ್ಕೆ 30,000. ಅದರಲ್ಲಿ ನೋಡಿಕೊಳ್ಳುವವರ ಕೂಲಿ, ಬೀಜ, ನೀರು ಎಲ್ಲ ಸೇರಿತ್ತು ಅನ್ನುವುದನ್ನೂ ಹೇಳಬೇಕು. ಆದರೆ ನಾವು ಬಾಡಿಗೆ ಅನ್ನುವುದು ಕಾಗದದಲ್ಲಿ ಸಾಮಾನ್ಯವಾಗಿ ಚಂದಾ ಅಥವಾ ಸೇವಾ ಶುಲ್ಕ. ಕಾರಣ ಇದೆ. ದೇವರಾಜ ಅರಸು ಕಾಲದ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ನಿಷೇಧ, ಕೆಲವು ವಿನಾಯಿತಿ ಬಿಟ್ಟರೆ. ಉಳುವವನಿಗೆ ಭೂಮಿ ಕೊಡಿಸಿದ ಕಾನೂನು ಅದು, ಅದರ ಬಗ್ಗೆ ತಕರಾರಿಲ್ಲ. ಅದರ ಒಂದು ಪರಿಣಾಮ ಮಾತ್ರ ಹೀಗೆ: ಇಲ್ಲಿ ಬದನೆ ಗಿಡ ನೆಟ್ಟ ಟೆಕ್ಕಿ ಕಾನೂನಿನ ಕಣ್ಣಿಗೆ ಬಾಡಿಗೆದಾರನಲ್ಲ, ಗಿರಾಕಿ. ಅವನಿಗೆ 12 ತಿಂಗಳ ನೋಟಿಸ್ ಇಲ್ಲ, ಬೆಳೆಯ ಕಾಲ ಅನ್ನುವ ಮಾತಿಲ್ಲ.

ಪಾರ್ಕಿನ ಮೂಲೆಯಲ್ಲಿ ಪಾಲಿಕೆಯೇ ಇಂಥ ತೋಟ ಕೊಡಲಿ ಅನ್ನುವವರಿದ್ದಾರೆ. ಪಾರ್ಕು, ಆಟದ ಮೈದಾನಗಳನ್ನು ಬೇರೆ ಬಳಕೆಗೆ ತಿರುಗಿಸದಂತೆ ಕಾಯುವ 1985ರ ಕಾಯ್ದೆ ನಮ್ಮಲ್ಲಿದೆ. ಅದನ್ನು ಸಡಿಲಿಸಿದರೆ ಬದನೆ ಗಿಡದ ಹಿಂದೆ ಇನ್ನೇನೇನು ಒಳಗೆ ಬರುತ್ತದೋ ಅನ್ನುವ ಭಯ ನನಗಂತೂ ಇದೆ. ಕೊಡುವುದಾದರೂ ಈಗ ಇರುವುದು ಒಂದು ಪಾಲಿಕೆಯಲ್ಲ, ಐದು. ಐದು ಕಡೆ ಐದು ಬಾಡಿಗೆ, ಐದು ಖಾತೆ.

ಇಂಗ್ಲೆಂಡಿನ ತೋಟದವರ ಕೈಯಲ್ಲಿ ಈಗ ಇರುವ ಒಳ್ಳೆ ಆಯುಧ ಮಾಹಿತಿ ಹಕ್ಕಿನ ಅರ್ಜಿ. ಅಲ್ಲಿ ಆ ಕಾನೂನು ಪೂರ್ತಿ ಜಾರಿಗೆ ಬಂದದ್ದು 2005ರಲ್ಲಿ, ನಮ್ಮ ಆರ್‌ಟಿಐ ಬಂದ ವರ್ಷವೇ. ಬಾಡಿಗೆ ಎಷ್ಟು ಬಂತು, ಯಾವ ಜಾಗಕ್ಕೆ ಎಷ್ಟು ಖರ್ಚಾಯಿತು ಅಂತ ಕೌನ್ಸಿಲ್‌ಗೆ ಬರೆದು ಕೇಳುತ್ತಾರೆ, ಉತ್ತರ ಹಿಡಿದು ಸಭೆಗೆ ಹೋಗುತ್ತಾರೆ. ಇಲ್ಲಿ ತಿಂಗಳ ಚಂದಾ ಕಟ್ಟುವವರು ತಾವು ಕೊಟ್ಟ ಹಣದಲ್ಲಿ ಕೂಲಿಯವರಿಗೆ ಎಷ್ಟು, ಜಮೀನಿನ ರೈತನಿಗೆ ಎಷ್ಟು ಅಂತ ಕೇಳಬೇಕಾದರೆ ಕಂಪನಿಯನ್ನೇ ಕೇಳಬೇಕು. ಖಾಸಗಿ ತೋಟಕ್ಕೆ ಆರ್‌ಟಿಐ ಹಾಕಲು ಬರುವುದಿಲ್ಲ.