ಮನೆ ಯಜಮಾನರಿಗೆ ನೀವೇನಾಗಬೇಕು?

ಆನ್‌ಲೈನ್ ಅರ್ಜಿ ಫಾರ್ಮ್‌ಗಳ ವಿನ್ಯಾಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು, ಎರಡು ದಿನ ಸೈಬರ್ ಸೆಂಟರ್‌ನಲ್ಲಿ ಕೂತು ಬನ್ನಿ ಅಂತ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಕಾಲವಾದರೆ ಇನ್ನೂ ಒಳ್ಳೆಯದು. ನಾನೂ ಆಗಾಗ ಹೋಗಿ ಕೂರುತ್ತೇನೆ. ನಮ್ಮ ಬಡಾವಣೆಯ ಸೆಂಟರ್‌ನ ಹುಡುಗ ಕಂಪ್ಯೂಟರ್ ಮುಂದೆ. ಅರ್ಜಿ ಹಾಕುವವರು ದಾಖಲೆಗಳ ಪ್ಲಾಸ್ಟಿಕ್ ಕವರ್ ಹಿಡಿದು ಪಕ್ಕದಲ್ಲಿ. ಪರದೆ ಮೇಲೆ ‘ಕುಟುಂಬದ ಮುಖ್ಯಸ್ಥರೊಂದಿಗಿನ ಸಂಬಂಧ’ ಎಂದಿರುತ್ತದೆ. ಅವನು ಅದನ್ನು ಓದಿ ಹೇಳುವುದೇ ಇಲ್ಲ. ‘ಮನೆ ಯಜಮಾನರಿಗೆ ನೀವೇನಾಗ್ಬೇಕಮ್ಮಾ?’ ಅಂತ ಕೇಳುತ್ತಾನೆ. ‘ಸೊಸೆ’ ಅನ್ನುತ್ತಾರೆ ಆಕೆ. ಆ ಪೆಟ್ಟಿಗೆ ತುಂಬಿತು.

ಫಾರ್ಮ್‌ನಲ್ಲಿ ಇರಬೇಕಾಗಿದ್ದ ಲೇಬಲ್ ಅವನು ಕೇಳಿದ ಆ ಪ್ರಶ್ನೆಯೇ. ‘ಜಾತಿ ಪ್ರಮಾಣಪತ್ರದ ಸಂಖ್ಯೆ’ ಎಂದಿರುವ ಕಡೆ ಅವನು ‘ಸರ್ಟಿಫಿಕೇಟ್ ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್ ಇದೆ ನೋಡಿ’ ಅನ್ನುತ್ತಾನೆ. ಉತ್ತರ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಸೇರಿಸಿಯೇ ಕೇಳುತ್ತಾನೆ. ನಾವು ಸಂಬಳ ತೆಗೆದುಕೊಂಡು ಮಾಡದ ಕೆಲಸವನ್ನು ಅವನು ಅರ್ಜಿಗೆ ಐವತ್ತು ರೂಪಾಯಿಗೆ ಮಾಡುತ್ತಿದ್ದಾನೆ.

ನಾನೇನೂ ಮೊದಲಿನಿಂದ ಜಾಣನಲ್ಲ. ಶುರುವಿನಲ್ಲಿ ಜಾಗ ಉಳಿಸಲು ಲೇಬಲ್ ತೆಗೆದು, ಪೆಟ್ಟಿಗೆಯೊಳಗೇ ತಿಳಿ ಬೂದು ಬಣ್ಣದಲ್ಲಿ ‘ಹೆಸರು’, ‘ವಿಳಾಸ’ ಅಂತ ಬರೆಯುತ್ತಿದ್ದೆ. ನೋಡಲು ಚೆನ್ನಾಗಿತ್ತು. ಒಂದಕ್ಷರ ಟೈಪ್ ಮಾಡಿದರೆ ಸಾಕು, ಅದು ಮಾಯ. ನಡುವೆ ಒಂದು ಫೋನ್ ಬಂದು, ಮಾತಾಡಿ ವಾಪಸ್ ಬಂದರೆ ಯಾವ ಪೆಟ್ಟಿಗೆ ಏನು ಅಂತ ಯಾರಿಗೂ ತಿಳಿಯದು. ವಯಸ್ಸಾದವರಿಗೆ ಆ ಬೂದು ಅಕ್ಷರ ಕಾಣುವುದೇ ಕಷ್ಟ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುವುದು, ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತೆ ಮಾಡಲು ಇರುವ ಅಂತರರಾಷ್ಟ್ರೀಯ ಡಬ್ಲ್ಯೂಸಿಎಜಿ ಮಾರ್ಗಸೂಚಿಯ ಲೆಕ್ಕ. ನನ್ನ ಬೂದು ಬಣ್ಣ ಅದರ ಹತ್ತಿರವೂ ಇರಲಿಲ್ಲ.

ಕಣ್ಣು ಕಾಣದ ಒಬ್ಬ ಪದವಿ ವಿದ್ಯಾರ್ಥಿ ನನ್ನ ಫಾರ್ಮ್ ಪರೀಕ್ಷಿಸಲು ಬಂದಿದ್ದರು. ಅವರು ಬಳಸುತ್ತಿದ್ದದ್ದು ಎನ್‌ವಿಡಿಎ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಕಟ್ಟಿದ, ಪುಕ್ಕಟೆ ಸಿಗುವ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಅದು. ಟ್ಯಾಬ್ ಒತ್ತುತ್ತಾ ಹೋದರು. ‘ಹೌದು, ರೇಡಿಯೊ ಬಟನ್’ ಎಂದಿತು ಎನ್‌ವಿಡಿಎ. ಹಲವು ಉತ್ತರಗಳಲ್ಲಿ ಒಂದನ್ನು ಆರಿಸುವ ಗುಂಡು ಗುರುತಿಗೆ ರೇಡಿಯೊ ಬಟನ್ ಅನ್ನುತ್ತಾರೆ. ಅವರು ನನ್ನ ಕಡೆ ತಿರುಗಿ, ‘ಏನಕ್ಕೆ ಹೌದು ಸರ್?’ ಅಂದರು.

ಪ್ರಶ್ನೆ ಮೇಲೆ ದಪ್ಪ ಅಕ್ಷರದಲ್ಲಿತ್ತು, ಅಂಗವೈಕಲ್ಯ ಪ್ರಮಾಣಪತ್ರ ಇದೆಯೇ ಅಂತ. ಕಣ್ಣಿರುವವರು ಪ್ರಶ್ನೆಯನ್ನೂ ಬಟನ್ನನ್ನೂ ನೋಟದಲ್ಲೇ ಜೋಡಿಸಿಕೊಳ್ಳುತ್ತಾರೆ. ಕೋಡ್‌ನಲ್ಲಿ ಮಾತ್ರ ಎರಡಕ್ಕೂ ಸಂಬಂಧವೇ ಇರಲಿಲ್ಲ. ಫೀಲ್ಡ್‌ಸೆಟ್, ಲೆಜೆಂಡ್ ಎಂಬ ಎರಡು ಟ್ಯಾಗ್ ಹಾಕಿದ್ದರೆ ಪ್ರಶ್ನೆಯೂ ಕೇಳಿಸುತ್ತಿತ್ತು. ಐದು ನಿಮಿಷದ ಕೆಲಸ. ಇನ್ನೊಂದು ಎಡವಟ್ಟೂ ಅವತ್ತೇ ಸಿಕ್ಕಿತು. ಪುಟದ ಭಾಷೆ ಇಂಗ್ಲಿಷ್ ಎಂದೇ ಕೋಡ್‌ನಲ್ಲಿ ಉಳಿದಿತ್ತು. ಹಾಗಾಗಿ ಇಂಗ್ಲಿಷ್ ದನಿ ಕನ್ನಡ ಓದಲು ಹೋಗಿ ಒದ್ದಾಡಿತು.

ಲೇಬಲ್ ಸರಿಯಾದ ಮೇಲೂ ಫಾರ್ಮ್ ಜಗಳ ಆಡಬಹುದು. ಆಧಾರ್ ಕಾರ್ಡ್ ನೋಡಿ. 12 ಅಂಕಿ, ನಾಲ್ಕು ನಾಲ್ಕಾಗಿ ಬಿಡಿಸಿ ಅಚ್ಚಾಗಿದೆ. ಜನ ಹಾಗೇ ಓದುತ್ತಾರೆ, ಹಾಗೇ ಟೈಪ್ ಮಾಡುತ್ತಾರೆ. ಪೆಟ್ಟಿಗೆಗೆ 12ರ ಮಿತಿ ಹಾಕಿದ್ದರೆ ನಡುವಿನ ಎರಡು ಖಾಲಿ ಜಾಗವೂ ಲೆಕ್ಕಕ್ಕೆ ಬಂದು, ಕೊನೆಯ ಎರಡು ಅಂಕಿ ಸುಮ್ನೆ ಬಿದ್ದುಹೋಗುತ್ತವೆ. ಆಮೇಲೆ ‘ತಪ್ಪು ಸಂಖ್ಯೆ’ ಎಂಬ ಬೈಗುಳ ಬೇರೆ. ಖಾಲಿ ಜಾಗ ತೆಗೆಯುವುದು ಯಂತ್ರಕ್ಕೆ ಒಂದು ಸಾಲಿನ ಕೆಲಸ ಅಲ್ವಾ? ಅದನ್ನು ಯಾಕೆ ಎಪ್ಪತ್ತರ ಅಜ್ಜನಿಗೆ ಹೊರಿಸಬೇಕು? ಮನೆ ನಂಬರ್ ‘24/1’ ಎಂದರೆ ಗೆರೆ ಹಾಕುವ ಹಾಗಿಲ್ಲ ಅನ್ನುವ ವಿಳಾಸದ ಪೆಟ್ಟಿಗೆಯೂ ಇದೇ ಜಾತಿಯದು. ಬೆಂಗಳೂರಿನಲ್ಲಿ ಗೆರೆ ಇಲ್ಲದ ಮನೆ ನಂಬರ್ ಹುಡುಕಬೇಕು.

ಕನ್ನಡದ ಹೆಸರಿನ ಕಷ್ಟವೇ ಬೇರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಲಾಸ್ಟ್ ನೇಮ್ ಇಲ್ಲ, ಇನಿಷಿಯಲ್ ಇದೆ. ಊರಿನದೋ ಅಪ್ಪನದೋ. ಲಾಸ್ಟ್ ನೇಮ್ ಕಡ್ಡಾಯ ಎಂದರೆ ಕೆಲವರು ಚುಕ್ಕೆ ಇಡುತ್ತಾರೆ, ಕೆಲವರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಒಂದೊಂದು ದಾಖಲೆಯಲ್ಲಿ ಒಂದೊಂದು ಹೆಸರು ಹುಟ್ಟುವುದು ಹೀಗೆ. ‘ಪೂರ್ತಿ ಹೆಸರು, ಆಧಾರ್‌ನಲ್ಲಿ ಇರುವಂತೆ’ ಎಂಬ ಒಂದೇ ಪೆಟ್ಟಿಗೆ ಸಾಕು.

ಕನ್ನಡದಲ್ಲೇ ಬರೆಯಿರಿ ಎಂದರೆ ‘ರಾಜ್‌ಕುಮಾರ್’ ಎಂಬ ಹೆಸರೇ ನಿಮ್ಮನ್ನು ಪರೀಕ್ಷೆ ಮಾಡುತ್ತದೆ. ‘ಜ್’ಗೆ ‘ಕು’ ಒತ್ತಕ್ಷರವಾಗಿ ಅಂಟದಿರಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಕಂಪ್ಯೂಟರ್ ಅಕ್ಷರಗಳಿಗೆಲ್ಲ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಅದು ಕನ್ನಡದ ಪಟ್ಟಿಯ ಹೊರಗಿದೆ. ಕನ್ನಡ ಅಕ್ಷರ ಮಾತ್ರ ಒಪ್ಪುತ್ತೇನೆ ಅನ್ನುವ ಫಾರ್ಮ್ ಆ ಹೆಸರನ್ನು ತಳ್ಳಿಹಾಕುತ್ತದೆ, ಕನ್ನಡದ್ದಲ್ಲ ಅಂತ! ಅಕ್ಷರಗಳ ಮಿತಿಯೂ ಹಾಗೇ. ‘ಕೃಷ್ಣಸ್ವಾಮಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ವ್ಯಂಜನ, ಸ್ವರಚಿಹ್ನೆ, ಹಲಂತಗಳನ್ನು ಬಿಡಿಬಿಡಿಯಾಗಿ ಎಣಿಸುವ ಯಂತ್ರದ ಲೆಕ್ಕದಲ್ಲಿ 11. ಯಾರಾದರೂ ೫೬೦೦೦೪ ಅಂತ ಪಿನ್ ಕೋಡ್ ಬರೆದರೆ ಅದನ್ನೂ 560004 ಎಂದೇ ಓದಿಕೊಳ್ಳಬೇಕು.

ಹುಟ್ಟಿದ ದಿನಕ್ಕೆ ಕ್ಯಾಲೆಂಡರ್ ತೆರೆಯುವ ಫ್ಯಾಷನ್ ಒಂದಿದೆ. ‘ಹಿಂದಿನ ತಿಂಗಳು’ ಬಟನ್ ಒಂದೇ ಇದ್ದರೆ 64 ವರ್ಷದವರು ಅದನ್ನು 768 ಸಲ ಒತ್ತಬೇಕು. ದಿನ, ತಿಂಗಳು, ವರ್ಷಕ್ಕೆ ಮೂರು ಪೆಟ್ಟಿಗೆ ಕೊಡಿ.

ತಪ್ಪಾದಾಗ ಫಾರ್ಮ್ ಹೇಗೆ ಮಾತಾಡುತ್ತದೆ ಅನ್ನುವುದರಲ್ಲೇ ನನಗೆ ಜಾಸ್ತಿ ಕೆಲಸ ಬೀಳುತ್ತದೆ. ಪೆಟ್ಟಿಗೆ ಸುತ್ತ ಕೆಂಪು ಗೆರೆ ಬಂದರೆ ಬಣ್ಣ ಗುರುತಿಸಲಾಗದವರಿಗೆ ಅದು ಏನನ್ನೂ ಹೇಳದು. ‘ಮೊಬೈಲ್ ನಂಬರ್‌ನಲ್ಲಿ 9 ಅಂಕಿ ಇವೆ, 10 ಬೇಕು’ ಎಂದು ಆ ಪೆಟ್ಟಿಗೆಯ ಪಕ್ಕದಲ್ಲೇ ಬರೆಯಿರಿ. ಅದನ್ನು ಪೆಟ್ಟಿಗೆಗೆ ಕೋಡ್‌ನಲ್ಲೂ ಕಟ್ಟಿಹಾಕಿ. ಸಲ್ಲಿಸುವ ಬಟನ್ನನ್ನು ಎಲ್ಲ ಸರಿಯಾಗುವ ತನಕ ಮಂಕಾಗಿಸಿ ಇಡಬೇಡಿ. ಯಾಕೆ ಒತ್ತಲಾಗುತ್ತಿಲ್ಲ ಅಂತ ತಿಳಿಯದೆ ಜನ ಬಿಟ್ಟು ಹೋಗುತ್ತಾರೆ. ಫಾರ್ಮ್ ತುಂಬಲು ಕೊಟ್ಟ ಅವಧಿ ಮುಗಿಯುವಂತಿದ್ದರೆ ಮೊದಲೇ ಎಚ್ಚರಿಸಿ. ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಿ ಎಂದು ಡಬ್ಲ್ಯೂಸಿಎಜಿ ಮಾರ್ಗಸೂಚಿಯೇ ಹೇಳುತ್ತದೆ. ತುಂಬಿದ್ದೆಲ್ಲ ಅಳಿಸಿಹಾಕಿ ಮೊದಲಿನಿಂದ ಶುರುಮಾಡಿ ಅನ್ನುವ ಫಾರ್ಮ್ ಬಗ್ಗೆ ನಾನು ಸಭ್ಯವಾಗಿ ಬರೆಯಲಾರೆ.

ಇದೆಲ್ಲ ದಯೆ ದಾಕ್ಷಿಣ್ಯದ ಮಾತಲ್ಲ. ಆಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರಿಗೆ ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳುವ ಕೆವೈಸಿ ಪರದೆ ‘ಕಣ್ಣು ಮಿಟುಕಿಸಿ’ ಎನ್ನುತ್ತಿತ್ತು. ಆ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಕೋರ್ಟ್, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದಿತು. ನನ್ನ ಗ್ರಾಹಕರು ವಾದಕ್ಕೆ ನಿಂತಾಗ ಈಗ ಈ ತೀರ್ಪು ನನಗೆ ಕೆಲಸಕ್ಕೆ ಬರುತ್ತದೆ.

ಮೊನ್ನೆ ಹೋದಾಗ ಸೈಬರ್ ಸೆಂಟರ್ ಹುಡುಗ ಒಬ್ಬರ ಫೋಟೊವನ್ನು 50 ಕೆಬಿಗೆ ಇಳಿಸುತ್ತಿದ್ದ. ಅದಕ್ಕೆ ಬೇರೆ ಇಪ್ಪತ್ತು ರೂಪಾಯಿ. ಅಪ್‌ಲೋಡ್ ಮಾಡುವ ಮೊದಲು ಬ್ರೌಸರೇ ಫೋಟೊ ಸಣ್ಣ ಮಾಡಬಹುದು, ಗೊತ್ತಾ ಅಂದೆ. ‘ಉಳಿದಿದ್ದೆಲ್ಲ ಸರಿ ಮಾಡಿ ಸರ್, ಇದೊಂದು ಬಿಟ್ಬಿಡಿ’ ಅಂದ. ಬಿಡಲಿಲ್ಲ. ಈಗ ಮಾಡುತ್ತಿರುವ ಫಾರ್ಮ್‌ನಲ್ಲಿ ಅದನ್ನೇ ಮೊದಲು ಹಾಕಿದ್ದೇನೆ.