ಗಂಡನ ಸಾಲಕ್ಕೆ ಹೆಂಡತಿಯ ರುಜು

ದಾವಣಗೆರೆಯಲ್ಲಿ ಮೆಕ್ಕೆಜೋಳದ ಮಂಡಿ ನಡೆಸುವವರು ಸಾಲಕ್ಕೆ ಹೋದರೆ, ಜಾಮೀನಿಗೆ ಹೆಂಡತಿಯ ರುಜುವನ್ನೂ ಕೇಳುವುದುಂಟು. ಕಂತು ನಿಂತಾಗ ನೋಟಿಸು ಇಬ್ಬರಿಗೂ ಬರುತ್ತದೆ. ಗಂಡನ ಸಾಲಕ್ಕೆ ಹೆಂಡತಿ ಹೊಣೆಯೇ?

ಮದುವೆಯಾದ ಮಾತ್ರಕ್ಕೆ ಅಲ್ಲ. 1872ರ ಕರಾರು ಕಾಯ್ದೆ ನೋಡುವುದು ಪ್ರಾಯ ತುಂಬಿದೆಯೇ, ಬುದ್ಧಿ ಸ್ವಸ್ಥವಿದೆಯೇ, ಕಾನೂನಿನ ಅಡ್ಡಿ ಇದೆಯೇ ಎಂದಷ್ಟೆ. ಹೆಂಡತಿಯ ಗಳಿಕೆ ಹೆಂಡತಿಯದೇ ಎಂದ 1874ರ ಕಾಯ್ದೆ ಹಿಂದೂ, ಮುಸ್ಲಿಂ, ಜೈನ ಹೆಂಗಸರನ್ನು ಬಹುಮಟ್ಟಿಗೆ ಹೊರಗಿಟ್ಟಿತು. ನಮ್ಮ ಸೀಮೆಯಲ್ಲಿ ಆ ಕೊರತೆಯನ್ನು ಒಂದಷ್ಟು ನೀಗಿದ್ದು ಮೈಸೂರು ಸಂಸ್ಥಾನದ 1933ರ ಕಾಯ್ದೆ: ಹಿಂದೂ ಹೆಂಗಸಿಗೆ ಸ್ತ್ರೀಧನದ ಮೇಲೆ ಪೂರ್ಣ ಅಧಿಕಾರ. ಚಿತ್ರದುರ್ಗ, ದಾವಣಗೆರೆಗೆ ಅದು ಅನ್ವಯಿಸಿತು. ಪಕ್ಕದ ಹರಪನಹಳ್ಳಿ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿಗೆ ಇಲ್ಲ. ಮುಂದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಅದಕ್ಕೆ 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ತಂದ ತಿದ್ದುಪಡಿಗಳು ಆಸ್ತಿಯ ಹಕ್ಕು ಹಿಗ್ಗಿಸಿದವು. ಆಸ್ತಿ ಹೆಸರಿಗೆ ಬಂದಂತೆ ಅವಳ ಜಾಮೀನಿಗೂ ಬೆಲೆ ಬಂತು.

ತೊಡಕು ಇಲ್ಲಿದೆ. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರಳ ಹೊಣೆ ಸಾಲಗಾರನಷ್ಟೇ. ಮೊದಲು ಗಂಡನಿಂದ ವಸೂಲಿ ಮಾಡಿ ಎನ್ನಲಾಗದು. ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಿಸಿದರೆ, ಆಮೇಲಿನ ವ್ಯವಹಾರದಿಂದ ಅವಳಿಗೆ ಬಿಡುಗಡೆ ಎನ್ನುತ್ತದೆ 133ನೇ ಕಲಮು. ಆದರೆ ಅಚ್ಚಾದ ಫಾರಂಗಳು ಎಷ್ಟೋ ಸಲ ಆ ರಕ್ಷಣೆಯನ್ನೂ ಬಿಟ್ಟುಕೊಟ್ಟೆ ಎಂದು ಮೊದಲೇ ಬರೆಸಿಕೊಂಡಿರುತ್ತವೆ. ಪೆನ್ಸಿಲ್ ಗುರುತು ಹಾಕಿದ ಜಾಗದಲ್ಲಿ ಓದದೆ ರುಜು ಮಾಡಿಸುವ ಪದ್ಧತಿ ಅನ್ಯಾಯದ್ದು. ಮೊತ್ತದ ಜಾಗ ಖಾಲಿ ಇದ್ದರೆ ರುಜು ಬೇಡ. ಪ್ರತಿ ಕೇಳಿ ಪಡೆಯಿರಿ.

ದಾವೆಯಲ್ಲಿ ಎಡವುವುದು ಸಮನ್ಸಿನಲ್ಲಿ. ಮನೆಯಲ್ಲಿಲ್ಲದ, ಸದ್ಯಕ್ಕೆ ಸಿಗುವಂತಿಲ್ಲದ ಹೆಂಡತಿಯ ಪರವಾಗಿ ಗಂಡ ಅದನ್ನು ಪಡೆಯಬಹುದು. ಪಡೆದವನು ಬೀರುವಿನಲ್ಲಿಟ್ಟರೆ ಅವಳಿಗೆ ಸುದ್ದಿಯೇ ಇಲ್ಲ. ದಾವೆಗೆ ಉತ್ತರವಾಗಿ ಕೊಡುವ ಲಿಖಿತ ಹೇಳಿಕೆಯ 30 ದಿನ ಕಳೆದು, ಕೊನೆಗೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಅವಳ ಗೈರುಹಾಜರಿಯಲ್ಲೇ ತೀರ್ಪು. ಸಮನ್ಸ್ ಸರಿಯಾಗಿ ಮುಟ್ಟಿಲ್ಲದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನದೊಳಗೆ ರದ್ದತಿಗೆ ಅರ್ಜಿ ಹಾಕಬೇಕು.

ಹಣದ ಡಿಕ್ರಿಗಾಗಿ ಹೆಂಗಸನ್ನು ಸಿವಿಲ್ ಜೈಲಿಗೆ ಕಳಿಸುವಂತಿಲ್ಲ. ಧರ್ಮದ ರೂಢಿಯಂತೆ ಕಳಚಬಾರದ ತಾಳಿಯಂಥ ಒಡವೆಗೆ ಜಪ್ತಿಯೂ ಇಲ್ಲ. ಅವಳ ಹೆಸರಿನ ಸೈಟು, ಠೇವಣಿಗೆ ಈ ರಕ್ಷಣೆ ಇಲ್ಲ. ಜಂಟಿ ಖಾತೆಯ ಚೆಕ್ ಬೌನ್ಸ್ ಆದರೆ, ರುಜು ಮಾಡದ ಹೆಂಡತಿಯ ಮೇಲೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೇಸು ನಿಲ್ಲದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರ ಖರ್ಚಿಗೆ ಅಂಜಬೇಕಿಲ್ಲ. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಸಮನ್ಸ್, ಜಾಮೀನು ಪತ್ರದ ಪ್ರತಿ ಹಿಡಿದು ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋದರೆ ಅರ್ಜಿ ಅಲ್ಲೇ ತೆಗೆದುಕೊಳ್ಳುತ್ತಾರೆ.